ತೆಂಗಿನೆಣ್ಣೆ ಕುಡಿದ ಬ್ರೇಕು

ಬೇರೆಯವರ ಗ್ಯಾರೇಜಿನಲ್ಲಿ ಗಾಡಿ ಮಾತ್ರ ರಿಪೇರಿ ಆಗುತ್ತದೆ. ನನ್ನಲ್ಲಿ ಗಾಡಿಯ ಜೊತೆಗೆ ಒಂದು ಕಥೆಯೂ ತಯಾರಾಗುತ್ತದೆ. ನಾನಾಗಿ ಕರೆಯುವುದಲ್ಲ, ಬೆಳಿಗ್ಗೆ ಶಟರ್ ಎತ್ತುವಾಗಲೇ ಒಂದಲ್ಲ ಒಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಮಡಂತ್ಯಾರು ಪೇಟೆ ದಾಟಿ ಬೆಳ್ತಂಗಡಿ ಕಡೆಗೆ ಸ್ವಲ್ಪ ಮುಂದೆ ಬಂದರೆ ಎಡಕ್ಕೆ ನೀಲಿ ಶೀಟಿನ ಮಾಡು ಕಾಣುತ್ತದಲ್ಲ, ಅದೇ ನನ್ನದು. ಬೈಕಿನ ಕೆಲಸ ಎಲ್ಲಾ ಮಾಡುತ್ತೇನೆ. ಆದರೆ ಕ್ಯಾಲಿಪರ್ ಎಂದರೆ ಬಂಟ್ವಾಳದಿಂದ ಬೆಳ್ತಂಗಡಿವರೆಗೆ, ಆಚೆ ಮೂಡುಬಿದಿರೆವರೆಗೂ ಜನ ನನ್ನ ಹೆಸರೇ ಹೇಳುತ್ತಾರೆ. ಜಂಬ ಕೊಚ್ಚುವುದಲ್ಲ, ಇದ್ದದ್ದು ಹೇಳುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಕ್ರದ ಜೊತೆ ತಿರುಗುವ, ತೂತು ತೂತಿನ ಉಕ್ಕಿನ ತಟ್ಟೆ ಡಿಸ್ಕ್. ಅದನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವ ದವಡೆ ಕ್ಯಾಲಿಪರ್. ಆ ದವಡೆಯ ಹಲ್ಲು ಪ್ಯಾಡ್. ಮಳೆಗಾಲದಲ್ಲಿ ನಮ್ಮೂರಿನ ಕೆಂಪು ಮಣ್ಣು ಆ ದವಡೆಯೊಳಗೆ ಹೊಕ್ಕಿ ಕೂತರೆ ಬೇಸಿಗೆಗೆ ಇಟ್ಟಿಗೆ ಆಗುತ್ತದೆ. ಅದನ್ನು ಬಿಡಿಸಲು ಕೈಯೂ ಬೇಕು, ತಾಳ್ಮೆಯೂ ಬೇಕು. ನನ್ನಲ್ಲಿ ಎರಡೂ ಉಂಟು.

ಈ ವರ್ಷ ನನಗೆ ಮದುವೆಯ ಮಾತು ನಡೆಯಿತು. ಲಾಯಿಲದ ಹುಡುಗಿ. ಫೋಟೊ ನೋಡಿದ ದಿನ ನಾನು ಒಬ್ಬರ ಬೈಕಿಗೆ ಇಂಜಿನ್ ಆಯಿಲ್ ಎರಡು ಸಲ ಹಾಕಿದೆ ಎಂದರೆ ನೀವೇ ತಿಳಿದುಕೊಳ್ಳಿ. ಜಾತಕವೂ ಕೂಡಿ ಬಂತು. ಆಮೇಲೆ ಮದುವೆ ಬ್ರೋಕರಣ್ಣ ಬಂದು ಸ್ಟೂಲಿನ ಮೇಲೆ ಕೂತು ಹೇಳಿದರು:

"ಇನ್ನು ಉಳಿದದ್ದು ಹುಡುಗಿಯ ಸೋದರಮಾವ ಒಬ್ಬರು. ಆ ಮನೆಯಲ್ಲಿ ಅವರು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ಅವರು ನಿನ್ನ ಕೆಲಸ ನೋಡ್ಲಿಕ್ಕೆ ಗ್ಯಾರೇಜಿಗೆ ಬರ್ತಾರೆ."

"ಯಾವಾಗ?"

"ಹೇಳಿ ಬಂದ್ರೆ ಎಂತ ನೋಡ್ಲಿಕ್ಕುಂಟು ಮಾರಾಯ? ಗಿರಾಕಿ ಹಾಗೆ ಬರ್ತಾರೆ, ನೋಡ್ತಾರೆ, ಹೋಗ್ತಾರೆ."

"ನೋಡ್ಲಿಕ್ಕೆ ಹೇಗಿದ್ದಾರೆ?"

"ಅದು ಮಾತ್ರ ಹೇಳ್ಬಾರದು ಅಂತ ನನ್ನತ್ರ ಭಾಷೆ ತೆಗೊಂಡಿದ್ದಾರೆ. ಒಂದು ವಿಷಯ ಹೇಳ್ತೇನೆ. ಸ್ವಲ್ಪ ದಿನ ಬಾಯಿ ಸಣ್ಣ ಮಾಡಿ ಇಟ್ಟುಕೋ."

ಆ ದಿನದಿಂದ ನಡುವಯಸ್ಸಿನ ಗಂಡಸು ಯಾರು ನನ್ನ ಮಾಡಿನ ಕೆಳಗೆ ಕಾಲಿಟ್ಟರೂ ನನಗೆ ಸೋದರಮಾವನೇ.

೧. ಕೈಕಟ್ಟಿ ಕೇಳಿದವರು

ಮೂರನೇ ದಿನವೇ ಒಬ್ಬರು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಚಿನ್ನದ ಬಣ್ಣದ ಕನ್ನಡಕ, ಕಂಕುಳಲ್ಲಿ ಚರ್ಮದ ಬ್ಯಾಗು. ಗಾಡಿ ಇಲ್ಲ. ಗಾಡಿ ಇಲ್ಲದೆ ಗ್ಯಾರೇಜಿಗೆ ಯಾರು ಬರುತ್ತಾರೆ? ನನಗೆ ಎಲ್ಲಾ ಗೊತ್ತಾಯಿತು.

ಕುರ್ಚಿ ಒರೆಸಿ ಕೂರಿಸಿದೆ. ಪಕ್ಕದ ಅಂಗಡಿಯಿಂದ ಲಿಂಬೆ ಶರ್ಬತ್ತು ತರಿಸಿದೆ. ಅವರು "ಬೇಡ ಬೇಡ" ಎನ್ನುತ್ತಲೇ ಕುಡಿದರು. ನಾನು ಕೇಳುವ ಮೊದಲೇ ಶುರು ಮಾಡಿದೆ. ಒಂದು ಕ್ಯಾಲಿಪರ್ ಬಿಚ್ಚಿ ಪೇಪರಿನ ಮೇಲೆ ಒಂದೊಂದೇ ಜೋಡಿಸಿದೆ. "ನೋಡಿ, ಇದು ಪಿಸ್ಟನ್. ಲಿವರ್ ಹಿಡಿದಾಗ ಇದೇ ಪ್ಯಾಡನ್ನು ತಳ್ಳುವುದು. ಇದರ ಸುತ್ತ ಎರಡು ರಬ್ಬರ್ ಸೀಲ್. ಒಂದು ಬ್ರೇಕ್ ಆಯಿಲ್ ಹೊರಗೆ ಬರದ ಹಾಗೆ, ಇನ್ನೊಂದು ಮಣ್ಣು ಒಳಗೆ ಹೋಗದ ಹಾಗೆ. ಬೇರೆಯವರಾದರೆ ಪಿಸ್ಟನನ್ನು ಸ್ಕ್ರೂಡ್ರೈವರ್ ಹಾಕಿ ಕೆದಕಿ ಗೀರು ಮಾಡುತ್ತಾರೆ. ನಾನು ಹಾಗಲ್ಲ."

ಅವರು ಕೈಕಟ್ಟಿ ಕೇಳಿದರು. "ಹೌದಾ", "ಓಹೋ" ಎಂದರು. ಮಧ್ಯೆ ಮಧ್ಯೆ ಕತ್ತು ಉದ್ದ ಮಾಡಿ ರಸ್ತೆಯ ಆ ತುದಿ ನೋಡುತ್ತಿದ್ದರು. ಜಾಗ ರಸ್ತೆಗೆ ಎಷ್ಟು ತಾಗಿಕೊಂಡಿದೆ, ಮುಂದೆ ಬೆಲೆ ಬರುತ್ತದೋ ಎಂದು ಅಳೆಯುತ್ತಿದ್ದಾರೆ ಎಂದುಕೊಂಡೆ. ಹಾಗಾಗಿ ಜಾಗದ ಬಗ್ಗೆಯೂ ಹೇಳಿದೆ. ಬಾಡಿಗೆಯದ್ದಲ್ಲ, ಅಜ್ಜನ ಕಾಲದ್ದು ಎಂದೆ. ಬಾವಿ ಬೇಸಿಗೆಯಲ್ಲೂ ಆರುವುದಿಲ್ಲ ಎಂದೆ. ನನಗೆ ಬೀಡಿ, ಸಿಗರೇಟು ಎಂತದೂ ಇಲ್ಲ ಎಂದು ಕೂಡ ಹೇಗೋ ಕ್ಯಾಲಿಪರಿನ ನಡುವೆ ತುರುಕಿದೆ.

ಮುಕ್ಕಾಲು ಗಂಟೆ ಆಯಿತು. ಅವರು ತಟಕ್ಕನೆ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು.

"ಭಾರೀ ಉಪಕಾರ ಆಯ್ತು ತಮ್ಮಾ. ಆಚೆ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟು ನೆರಳೇ ಇಲ್ಲ," ಎಂದವರು ಓಡಿ ಹೋಗಿ ಬಂಟ್ವಾಳದ ಬಸ್ಸು ಹತ್ತಿದರು.

೨. ಸಾಸಿವೆ ಹಾಕಲಿಲ್ವಾ?

ಮರುದಿನ ನನ್ನ ತಲೆ ಸರಿ ಇರಲಿಲ್ಲ. ಆಗ ಒಬ್ಬರು ಹಳೆಯ ಬೈಕನ್ನು ತಳ್ಳಿಕೊಂಡು ಬಂದರು. ಮಾಸಿದ ಮುಂಡು, ರಬ್ಬರಿನ ಚಪ್ಪಲಿ, ಹ್ಯಾಂಡಲಿನಲ್ಲಿ ಬಸಳೆಯ ಕಟ್ಟು, ಬಲಗಿವಿಯ ಮೇಲೆ ಒಂದು ಪೆನ್ನು. ಇವರು ಸೋದರಮಾವ ಅಲ್ಲ ಎಂದು ಪೆನ್ನು ನೋಡಿಯೇ ತೀರ್ಮಾನಿಸಿದೆ. ಹೆಣ್ಣಿನ ಕಡೆಯವರು ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಬರುತ್ತಾರಾ?

"ಬ್ರೇಕ್ ಹಿಡಿಯುದೇ ಇಲ್ಲ ತಮ್ಮಾ. ಎರಡು ಗ್ಯಾರೇಜಿಗೆ ಹೋದೆ. ಇಡೀ ಕ್ಯಾಲಿಪರ್ ತೆಗೆದು ಹೊಸತು ಹಾಕ್ಬೇಕು ಅಂದ್ರು."

ಮುಂದಿನ ಚಕ್ರದ ಹತ್ತಿರ ಕುಕ್ಕುರುಗಾಲಲ್ಲಿ ಕೂತೆ. ಡಿಸ್ಕು ಮಿರಮಿರ ಹೊಳೆಯುತ್ತಿತ್ತು. ಬೆರಳು ತಾಗಿಸಿ ಮೂಗಿಗೆ ಹಿಡಿದೆ. ನಮ್ಮ ಅಡುಗೆಮನೆಯ ಪರಿಮಳ.

"ಇದಕ್ಕೆ ಎಂತ ಹಚ್ಚಿದ್ದೀರಿ?"

"ಕೀಂ ಕೀಂ ಅಂತ ಶಬ್ದ ಬರ್ತಿತ್ತು. ಸ್ವಲ್ಪ ತೆಂಗಿನೆಣ್ಣೆ ಬಿಟ್ಟೆ. ಮನೆಯದ್ದೇ, ಗಾಣದ್ದು. ಕಲಬೆರಕೆ ಇಲ್ಲ."

"ಶಬ್ದ ನಿಂತಿತಾ?"

"ನಿಂತಿತು. ಗಾಡಿ ನಿಲ್ಲುದಿಲ್ಲ."

ನನಗೆ ತಡೆಯಲಾಗಲಿಲ್ಲ. "ಅಲ್ಲ, ಎಣ್ಣೆ ಹಾಕಿದ ಮೇಲೆ ಎರಡು ಕಾಳು ಸಾಸಿವೆ, ನಾಲ್ಕು ಕರಿಬೇವಿನಸೊಪ್ಪು ಹಾಕಲಿಲ್ವಾ? ಒಗ್ಗರಣೆ ಆದ್ರೂ ಆಗ್ತಿತ್ತು! ಉಜ್ಜಿ ನಿಲ್ಲಿಸುವ ಜಾಗಕ್ಕೆ ಯಾರಾದ್ರೂ ಎಣ್ಣೆ ಹಚ್ತಾರಾ? ಮೆಟ್ಟಿಲಿಗೆ ಎಣ್ಣೆ ಹಚ್ಚಿ ಇಳಿದ ಹಾಗೆ!"

ಪಕ್ಕದಲ್ಲಿ ಗಾಡಿಗೆ ಕಾಯುತ್ತಿದ್ದ ಇಬ್ಬರು ಜೋರಾಗಿ ನಕ್ಕರು. ನಗುವವರು ಸಿಕ್ಕಿದರೆ ನನಗೆ ಇನ್ನೂ ಹುರುಪು. ಕಾಲು ಗಂಟೆ ಅವರನ್ನು ಹಿಡಿದು ಬಾಡಿಸಿದೆ. ಅವರು ಬಸಳೆ ಕಟ್ಟಿನ ಬಳ್ಳಿ ಸರಿ ಮಾಡುತ್ತಾ ನಿಂತಿದ್ದರು.

ಬಾಯಿ ಏನೇ ಇರಲಿ, ಕೆಲಸದಲ್ಲಿ ನಾನು ನಾನೇ. ಕ್ಯಾಲಿಪರ್ ಬಿಚ್ಚಿದೆ. ಪಿಸ್ಟನ್ ಸರಿ ಉಂಟು, ಸೀಲೂ ಮೆತ್ತಗೆ ಉಂಟು, ಎಲ್ಲೂ ಸೋರುವುದಿಲ್ಲ. ಎಣ್ಣೆ ಕುಡಿದು ಹಾಳಾದದ್ದು ಪ್ಯಾಡ್ ಮಾತ್ರ. ಕ್ಯಾಲಿಪರ್ ಆಚೀಚೆ ಜಾರುವ ಎರಡು ಪಿನ್ನುಗಳು ಒಣಗಿ ಹಿಡಿದುಕೊಂಡಿದ್ದವು, ಶಬ್ದ ಬಂದದ್ದು ಅದರಿಂದ.

"ಕ್ಯಾಲಿಪರ್ ಬದಲಿಸುವ ಅಗತ್ಯವೇ ಇಲ್ಲ," ಎಂದೆ. "ಹಲ್ಲು ನೋವಿಗೆ ಯಾರಾದ್ರೂ ದವಡೆ ಕೀಳ್ತಾರಾ? ಪ್ಯಾಡ್ ಹಾಕುವ, ಪಿನ್ನಿಗೆ ಗ್ರೀಸು ಹಚ್ಚುವ, ಡಿಸ್ಕನ್ನು ಸೋಪು ನೀರಲ್ಲಿ ಉಜ್ಜಿ ತೊಳೆಯುವ. ಮುಗಿಯಿತು."

"ಈ ಪ್ಯಾಡನ್ನೇ ತೊಳೆದು ಹಾಕ್ಲಿಕ್ಕೆ ಆಗುದಿಲ್ವಾ?"

"ಎಣ್ಣೆ ಒಮ್ಮೆ ಕುಡಿದರೆ ಅದು ಪ್ಯಾಡಲ್ಲ, ಹೋಳಿಗೆ. ಎಸೆಯಬೇಕು. ಜೀವದ ಪ್ರಶ್ನೆ."

ಅವರು ಬೆಲೆ ಕೇಳಿದರು. ಗಾಡಿ ಕಂಪನಿಯ ಪ್ಯಾಡ್ ಅವರಿಗೆ ಜಾಸ್ತಿ ಅನಿಸಿತು. ಪೆಟ್ಟಿಯಿಂದ ಇನ್ನೊಂದು ತೆಗೆದೆ. "ಇದು ಬೇರೆ ಕಂಪನಿಯದ್ದು, ಆದರೆ ಬ್ರೇಕನ್ನೇ ಮಾಡುವವರು. ಬೆಲೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ನಿಮ್ಮ ಗಾಡಿಗೆ ಧಾರಾಳ ಸಾಕು. ಸೀಲು ಹಾಕುವುದಿದ್ದರೆ ಮಾತ್ರ ಗಾಡಿ ಕಂಪನಿಯದ್ದೇ ಹಾಕಬೇಕು ಅಂತ ನಾನು ಹಟ ಮಾಡ್ತಿದ್ದೆ. ಪ್ಯಾಡಿನಲ್ಲಿ ಉಳಿಸಬಹುದು, ಸೀಲಿನಲ್ಲಿ ಉಳಿಸಬಾರದು. ಇದಕ್ಕಿಂತ ಅಗ್ಗದ್ದು ನನ್ನತ್ರ ಇಲ್ಲ, ಇದ್ದರೂ ಹಾಕುದಿಲ್ಲ."

ಕೆಲಸ ಮುಗಿಸಿ ಹಳೆಯ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಅವರ ಕೈಗೇ ಕೊಟ್ಟೆ. ಅದು ನನ್ನ ಕ್ರಮ. ತೆಗೆದದ್ದನ್ನು ತೋರಿಸದೆ ಯಾರ ಗಾಡಿಯನ್ನೂ ಕಳಿಸುವುದಿಲ್ಲ. ಆದರೆ ಅಷ್ಟಕ್ಕೆ ಸುಮ್ಮನಿರಬೇಕಲ್ಲ! "ನಿಮಗೆ ಮರೆತು ಹೋಗ್ತದೆ, ಬರೆದು ಕೊಡ್ತೇನೆ" ಎಂದು ಅವರ ಕಿವಿಯಿಂದ ನಾನೇ ಪೆನ್ನು ಎಳೆದು, ಪ್ಯಾಡಿನ ರಟ್ಟಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: "ಗ್ರೀಸು ಪಿನ್ನಿಗೆ ಮಾತ್ರ. ಡಿಸ್ಕಿಗೆ ಎಂತದೂ ಇಲ್ಲ. ತೆಂಗಿನೆಣ್ಣೆ ತಲೆಗೆ ಮಾತ್ರ."

ಅವರು ಎರಡು ಸಲ ಓದಿದರು. ಮಡಚಿ ಕಿಸೆಯಲ್ಲಿಟ್ಟರು. ಪೆನ್ನು ಕೇಳಿ ವಾಪಸು ಪಡೆದು ಕಿವಿಗೆ ಸಿಕ್ಕಿಸಿಕೊಂಡರು.

"ಅಕ್ಷರ ಚೆನ್ನಾಗುಂಟು ತಮ್ಮಾ," ಎಂದಷ್ಟೇ ಹೇಳಿ ಹೊರಟು ಹೋದರು.

೩. ಮೂಡುಬಿದಿರೆಯ ಒರೆಗಲ್ಲು

ಮುಂದಿನ ವಾರ ಮೂಡುಬಿದಿರೆಯಿಂದ ಒಬ್ಬರು ಬಂದರು, ಚಿನ್ನದ ಕೆಲಸ ಮಾಡುವ ಆಚಾರ್ಯರು. ನನ್ನ ಹೆಸರು ಅಲ್ಲಿಯವರೆಗೆ ಹೋಗಿದೆ ಎಂದು ಹೇಳಿದೆನಲ್ಲ. ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಪ್ಯಾಡಿನ ಪ್ಯಾಕೆಟ್ ಇತ್ತು.

"ಕಂಪನಿಯದ್ದೇ. ಅಂಗಡಿಯಲ್ಲಿ ಕೇಳಿದ ಬೆಲೆಯ ಕಾಲು ಭಾಗಕ್ಕೆ ಸಿಕ್ಕಿತು. ನೀವು ಹಾಕಿ ಕೊಟ್ಟರೆ ಸಾಕು."

ಬಿಡಿಸಿ ನೋಡಿದೆ. ಹೊರಗೆ ಮದುಮಗನ ಹಾಗೆ ಪ್ಯಾಕೆಟ್. ಒಳಗೆ ಅಂಚು ಸೊಟ್ಟ, ಬಣ್ಣ ಎಲ್ಲೆಲ್ಲೋ ಹರಿದಿದೆ. "ಇದು ಡೂಪ್ಲಿಕೇಟ್ ಸ್ವಾಮಿ, ನಾನು ಹಾಕುದಿಲ್ಲ" ಎಂದೆ. ಅವರಿಗೆ ಸಿಟ್ಟು ಬಂತು. ನನ್ನ ಸಾಮಾನು ಮಾರಲು ಹೀಗೆ ಹೇಳುತ್ತಿದ್ದೇನೆ ಎಂದು ಅವರ ಲೆಕ್ಕ.

"ಹಾಗಾದ್ರೆ ನೋಡಿಯೇ ಬಿಡುವ," ಎಂದು ಚೀಲಕ್ಕೆ ಕೈ ಹಾಕಿ ತೆಗೆದರು ನೋಡಿ, ಒರೆಗಲ್ಲು! ಚಿನ್ನ ಉಜ್ಜಿ ನೋಡುವ ಆ ಕಪ್ಪು ಕಲ್ಲು. ನನ್ನ ಬೆಂಚಿನ ಮೇಲೆ ಇಟ್ಟು, ಕನ್ನಡಕ ಏರಿಸಿ, ನನ್ನಲ್ಲಿದ್ದ ಕಂಪನಿಯ ಪ್ಯಾಡು, ಎರಡನೇ ದರದ ಒಳ್ಳೆ ಪ್ಯಾಡು, ಅವರ ಪ್ಯಾಡು ಮೂರನ್ನೂ ಉಜ್ಜಿ ಒಂದೊಂದು ಗೆರೆ ಎಳೆದರು. ಗ್ಯಾರೇಜಿನಲ್ಲಿದ್ದವರೆಲ್ಲ ಸುತ್ತ ನಿಂತರು. ಮೊದಲ ಎರಡು ಗೆರೆಯಲ್ಲಿ ತಾಮ್ರದ ಕಣ ಮಿನುಗಿತು. ಮೂರನೆಯದು ಬರೀ ಮಸಿ. ಅವರು ಆ ಪ್ಯಾಡನ್ನು ಅಂಗೈಯಲ್ಲಿ ತೂಗಿ, ಉಗುರಲ್ಲಿ ಕೆರೆದರು. ಉಗುರಿಗೆ ಪುಡಿ ಬಂತು.

"ಮೂವತ್ತು ವರ್ಷದಿಂದ ಊರಿಗೆಲ್ಲ ಹೇಳುವವ ನಾನು, ಪೆಟ್ಟಿಗೆ ನೋಡಿ ತಗೊಳ್ಬೇಡಿ, ಉಜ್ಜಿ ನೋಡಿ ತಗೊಳ್ಳಿ ಅಂತ," ಎಂದು ತಣ್ಣಗೆ ಹೇಳಿ ಒರೆಗಲ್ಲು ಒಳಗಿಟ್ಟರು. "ಎರಡನೆಯದ್ದು ಹಾಕಿ."

ಹಾಕುವಾಗ ಪಕ್ಕದಲ್ಲಿ ಕೂತು ಮೆಲ್ಲನೆ ಕೇಳಿದರು, "ಮದುವೆ ಆಗಿದೆಯಾ?"

ನನ್ನ ಕೈಯ ಸ್ಪ್ಯಾನರ್ ಜಾರಿತು. ಆಹಾ, ಒರೆಗಲ್ಲು ಪ್ಯಾಡಿಗಲ್ಲ, ನನಗೆ! "ಇಲ್ಲ" ಎಂದೆ.

"ಮಾತುಕತೆ ಉಂಟಾ?"

"ಲಾಯಿಲದಲ್ಲಿ ಒಂದು ಉಂಟು. ಹಿರಿಯರ ಮನಸ್ಸು," ಎಂದು ತಲೆ ತಗ್ಗಿಸಿದೆ. ಅಷ್ಟು ವಿನಯ ನನ್ನಲ್ಲಿ ಎಲ್ಲಿತ್ತೋ ಏನೋ.

"ಒಳ್ಳೆ ಹುಡುಗ. ನನಗೆ ನಿಮ್ಮ ಮೇಲೆ ವಿಶ್ವಾಸ ಬಂತು."

ನಾನು ಕಾಲಿಗೆ ಬೀಳಲು ಎದ್ದೇಬಿಟ್ಟೆ. ಅವರು ಕಿಸೆಯಿಂದ ಕಾರ್ಡು ತೆಗೆದು ಕೈಯಲ್ಲಿಟ್ಟರು. "ಗಟ್ಟಿಯಾದ ಕೂಡಲೇ ಫೋನ್ ಮಾಡಿ. ಕರಿಮಣಿ, ಬಳೆ, ಉಂಗುರ ಎಲ್ಲಾ ನಮ್ಮಲ್ಲೇ ಮಾಡಿಸುವ."

೪. ಗಲ್ಫಿನ ಕೆಂಪು ಕ್ಯಾಲಿಪರ್

ಬಂಟ್ವಾಳ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಕಾಕ ಒಬ್ಬರಿದ್ದಾರೆ. ನಾನು ಗ್ಯಾರೇಜು ಹಾಕಿದ ದಿನದಿಂದ ಅವರ ಬೈಕು ನನ್ನಲ್ಲೇ. ಅವರು ಒಂದು ಶುಕ್ರವಾರ ಮಗುವನ್ನು ಎತ್ತಿಕೊಂಡ ಹಾಗೆ ಒಂದು ಡಬ್ಬಿ ಎತ್ತಿಕೊಂಡು ಬಂದರು. ಒಳಗೆ ಟವೆಲ್ಲಿನಲ್ಲಿ ಸುತ್ತಿದ ಕ್ಯಾಲಿಪರ್. ಕೆಂಪೆಂದರೆ ಕೆಂಪು. ಕೈಗೆ ತೆಗೆದುಕೊಂಡರೆ ಒಳ್ಳೆ ಭಾರ.

"ಅಳಿಯ ದುಬೈಯಿಂದ ತಂದದ್ದು. ಸಾಬೂನು, ಸೆಂಟು ಎಲ್ಲಾ ಬೇಡ, ಮಾವನಿಗೆ ಒಳ್ಳೆ ಬ್ರೇಕ್ ಬೇಕು ಅಂತ ಹುಡುಕಿ ಹುಡುಕಿ ತಂದಿದ್ದಾನೆ. ಹಾಕು ಮೋನೆ." ಕಾಕನಿಗೆ ನಾನು ಯಾವಾಗಲೂ ಮೋನೆ, ಮಗ.

"ಕಾಕ, ನಿಮ್ಮ ಗಾಡಿಯಲ್ಲಿ ಡಿಸ್ಕೇ ಇಲ್ಲ. ಚಕ್ರದ ಹೊಟ್ಟೆಯೊಳಗೇ ಹಿಡಿಯುವ ಡ್ರಮ್ ಬ್ರೇಕು. ಕಚ್ಚಲಿಕ್ಕೆ ತಟ್ಟೆಯೇ ಇಲ್ಲದೆ ಈ ದವಡೆ ಎಲ್ಲಿ ಕೂರಿಸುವುದು?"

ಕಾಕ ಚಕ್ರವನ್ನು ಒಂದು ಸುತ್ತು ಬಂದು ನೋಡಿದರು. ಹತ್ತು ವರ್ಷ ಓಡಿಸಿದ ಗಾಡಿಯಲ್ಲಿ ಎಂತ ಇಲ್ಲ ಎಂದು ಅವರಿಗೆ ಆ ದಿನ ಗೊತ್ತಾದದ್ದು.

"ಎಂತಾದ್ರೂ ಮಾಡಿ ಹೊಂದಿಸು ಮಾರಾಯ. ಎಷ್ಟಾದ್ರೂ ಆಗ್ಲಿ."

ಮಾಡಬಹುದಿತ್ತು. ಚಕ್ರ ಹಿಡಿಯುವ ಫೋರ್ಕು, ಚಕ್ರ, ಪಂಪು ಎಲ್ಲಾ ಬದಲಿಸಿ ಒಂದು ದೊಡ್ಡ ಕೆಲಸವನ್ನೇ ಎಬ್ಬಿಸಬಹುದಿತ್ತು. ನಾನು ಹಾಗಲ್ಲ. "ನಿಮ್ಮ ಡ್ರಮ್ಮಿಗೆ ಹೊಸ ಬ್ರೇಕ್ ಶೂ ಹಾಕಿದರೆ ಧಾರಾಳ ಸಾಕು" ಎಂದೆ.

"ಆದ್ರೆ ಈಗ ಅವ ವಿಡಿಯೋ ಕಾಲ್ ಮಾಡ್ತಾನಲ್ಲಾ!" ಕಾಕನ ಮುಖ ಬಾಡಿತು. ಪಾಪ ಅನಿಸಿತು. ಬೈಂಡಿಂಗ್ ವೈರ್ ತೆಗೆದು ಆ ಕೆಂಪು ಕ್ಯಾಲಿಪರನ್ನು ಫೋರ್ಕಿಗೆ, ಬರೀ ನೋಡಲಿಕ್ಕೆ, ಕಟ್ಟತೊಡಗಿದೆ. ಆಗ ಕಾಕ ಹೇಳಿದರು:

"ನಿನ್ನ ವಿಷಯ ಕೇಳಿಕೊಂಡು ಲಾಯಿಲದವರು ಒಬ್ಬರು ನನ್ನ ಅಂಗಡಿಗೆ ಬಂದಿದ್ರು."

ವೈರ್ ನನ್ನ ಹೆಬ್ಬೆರಳಿಗೆ ಚುಚ್ಚಿತು. "ನೀವು ಎಂತ ಹೇಳಿದ್ರಿ?"

"ಇದ್ದದ್ದು ಹೇಳಿದೆ. ಕೆಲಸ ಒಳ್ಳೆದು, ಹಾಕುವ ಸಾಮಾನು ಒಳ್ಳೆದು. ಬಾಯಿ ಮಾತ್ರ ನೇತ್ರಾವತಿಗೆ ನೆರೆ ಬಂದ ಹಾಗೆ ಅಂದೆ."

"ಕಾಕಾ! ಗ್ಯಾರೇಜಿಗೆ ಯಾವಾಗ ಬರ್ತಾರಂತೆ?"

"ಬಂದು ನೋಡಿ ಹೋಗಿ ಆಯ್ತಂತೆ."

ಯಾರು? ಬಸ್ಸಿನವರಾ? ಆಚಾರ್ಯರಾ? ನಡುವೆ ಒಂದು ದಿನ ಬುಲೆಟ್ಟಿನಲ್ಲಿ ಬಂದ ಗುತ್ತಿಗೆದಾರರೊಬ್ಬರಿದ್ದರು, ಅವರಾ? ನಾನು ಮನಸ್ಸಿನಲ್ಲಿ ಒಬ್ಬೊಬ್ಬರನ್ನೇ ಸಾಲಾಗಿ ನಿಲ್ಲಿಸುವಷ್ಟರಲ್ಲಿ ಕಾಕನ ಫೋನು ಹೊಡೆದುಕೊಂಡಿತು. ಪರದೆ ತುಂಬ ಅಳಿಯ. ನಾನು ಫೋನು ಹಿಡಿದೆ, ಕಾಕ ಗ್ಯಾರೇಜಿನ ಎದುರು ಒಂದು ಸುತ್ತು ಓಡಿಸಿ ಬ್ರೇಕು ಹಿಡಿದರು. ಕೆಲಸ ಮಾಡಿದ್ದು ಹಳೆಯ ಡ್ರಮ್ಮು. ವೈರಿನಲ್ಲಿ ತೂಗುತ್ತಿದ್ದದ್ದು ದುಬೈ.

"ನೋಡಿದ್ರಾ ಮಾವ, ಬೆಣ್ಣೆ ಹಾಗೆ ನಿಂತಿತು!" ಎಂದು ಅಳಿಯ ಅಲ್ಲಿಂದ ಕುಣಿದ. "ಊರಿನ ಸಾಮಾನು ಹೀಗೆ ಹಿಡಿಯುದಿಲ್ಲ. ಹಿಂದಿನ ಚಕ್ರಕ್ಕೂ ಒಂದು ಕಳಿಸ್ತೇನೆ!"

೫. ಹಪ್ಪಳದ ಅಂಗಳ

ಎಪ್ರಿಲಿನಲ್ಲಿ ಬ್ರೋಕರಣ್ಣ ಸುದ್ದಿ ತಂದರು. ಸೋದರಮಾವ ಹೂಂ ಎಂದೂ ಹೇಳಲಿಲ್ಲವಂತೆ, ಉಹೂಂ ಎಂದೂ ಹೇಳಲಿಲ್ಲವಂತೆ. "ಭಾನುವಾರ ಹುಡುಗ ಮನೆಗೆ ಬರಲಿ, ಆಮೇಲೆ ಹೇಳುವ" ಎಂದಿದ್ದಾರಂತೆ.

"ಎಲ್ಲರೂ ಕಾರಿನಲ್ಲಿ ಬನ್ನಿ," ಎಂದರು ಬ್ರೋಕರಣ್ಣ.

"ಅಮ್ಮ, ಮನೆಯವರು ಕಾರಿನಲ್ಲಿ ಬರಲಿ. ನಾನು ನನ್ನ ಬೈಕಿನಲ್ಲೇ," ಎಂದೆ. ಬಾಡಿಗೆ ಕಾರಿನಲ್ಲಿ ಯಾರು ಬೇಕಾದರೂ ಬರಬಹುದು. ನನ್ನ ಬೈಕು ನನ್ನ ಸರ್ಟಿಫಿಕೇಟು. ಹಿಂದಿನ ರಾತ್ರಿಯೇ ಕ್ಯಾಲಿಪರ್ ಬಿಚ್ಚಿ, ತೊಳೆದು, ಪಿನ್ನಿಗೆ ಗ್ರೀಸು ಹಾಕಿ, ಹೊಸ ಪ್ಯಾಡ್ ಕೂರಿಸಿ ಮಲಗಿದ್ದೆ.

ಬೆಳಿಗ್ಗೆ ಹೊರಡುವಾಗ ಗಾಡಿ ಮಿಂಚುತ್ತಿತ್ತು. ನನ್ನ ಗಾಡಿ ಯಾವಾಗಲೂ ಮಿಂಚುತ್ತದೆ, ಹಾಗಾಗಿ ಸಂಶಯ ಬರಲಿಲ್ಲ. ಗುರುವಾಯನಕೆರೆಯಲ್ಲಿ ಬಸ್ಸಿಗೆ ದಾರಿ ಬಿಡುವಾಗ ಮುಂದಿನ ಬ್ರೇಕು ಸ್ವಲ್ಪ ಉದಾಸೀನ ಮಾಡಿದ ಹಾಗಿತ್ತು. ಹೊಸ ಪ್ಯಾಡ್ ಕೂತುಕೊಳ್ಳಲು ಸಮಯ ಬೇಕು, ಮೇಲಿಂದ ಹುಡುಗಿ ನೋಡುವ ಗಡಿಬಿಡಿಗೆ ನನ್ನ ಕೈಯೂ ಸಡಿಲ ಎಂದುಕೊಂಡೆ. ಬೇರೆಯವರು ಹೀಗೆ ಹೇಳಿಕೊಂಡು ಬಂದಿದ್ದರೆ ಅಂಗಳದಲ್ಲಿ ನಿಲ್ಲಿಸಿ ಬೈಯುತ್ತಿದ್ದೆ. ಹಿಂದಿನ ಬ್ರೇಕನ್ನು ಮೆಟ್ಟಿ ಮೆಟ್ಟಿ ಬೆಳ್ತಂಗಡಿ ದಾಟಿದೆ.

ಹುಡುಗಿಯ ಮನೆ ರಸ್ತೆಯಿಂದ ಕೆಳಗೆ. ಜಲ್ಲಿ ಹಾಕಿದ ಇಳಿಜಾರು, ಅದರ ಬುಡದಲ್ಲಿ ಅಂಗಳ, ಅಂಗಳ ತುಂಬ ಚಾಪೆಯಲ್ಲಿ ಒಣಗಲು ಹಾಕಿದ ಹಲಸಿನ ಹಪ್ಪಳ. ಜಗಲಿಯಲ್ಲಿ ಆರೇಳು ಜನ ನಿಂತಿದ್ದರು. ಅಂಗಳದ ಅಂಚಿನಲ್ಲಿ ಚಕ್ಕನೆ ನಿಲ್ಲಿಸಿ, ಒಂದು ಕಾಲು ಊರಿ, ಹೆಲ್ಮೆಟ್ ತೆಗೆಯುವುದು ಎಂದು ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

ಬ್ರೇಕು ಹಿಡಿದೆ. ಲಿವರ್ ಕಲ್ಲಿನ ಹಾಗೆ ಗಟ್ಟಿ ಉಂಟು, ಗಾಡಿ ಮಾತ್ರ ಕೇಳಲೇ ಇಲ್ಲ. ಹಿಂದಿನದು ಮೆಟ್ಟಿದೆ, ಜಲ್ಲಿಯಲ್ಲಿ ಸರ್ರನೆ ಜಾರಿತು. ವೇಗ ಏನೂ ಇಲ್ಲ, ನಡೆಯುವವರಷ್ಟೇ. ಆದರೆ ನಿಲ್ಲಬೇಕಲ್ಲ! ಜಗಲಿಯವರೆಲ್ಲ ನೋಡುತ್ತಿರುವಾಗ ಮೆಲ್ಲನೆ, ಬಹಳ ಮರ್ಯಾದೆಯಿಂದ, ಮೊದಲನೇ ಚಾಪೆ ಹತ್ತಿದೆ. ಪಟಪಟಪಟ. ಎರಡನೇ ಚಾಪೆ. ಪಟಪಟ. ಕೊನೆಗೆ ಮೂಲೆಯಲ್ಲಿದ್ದ ತೆಂಗಿನ ಗರಿ, ಮಡಲಿನ ರಾಶಿಗೆ ಮುಖ ತೂರಿಸಿ ಗಾಡಿ ನಿಂತಿತು.

ಒಬ್ಬರು ಜಗಲಿಯಿಂದ ಇಳಿದು ಬಂದು ನನ್ನ ಚಕ್ರದ ಹತ್ತಿರ ಕುಕ್ಕುರುಗಾಲಲ್ಲಿ ಕೂತರು. ಡಿಸ್ಕಿಗೆ ಬೆರಳು ತಾಗಿಸಿದರು. ಮೂಗಿಗೆ ಹಿಡಿದರು. ತಲೆ ಎತ್ತಿದರು. ಇಸ್ತ್ರಿಯ ಮುಂಡು, ಹೊಸ ಅಂಗಿ. ಬಲಗಿವಿಯ ಮೇಲೆ ಪೆನ್ನು.

"ಏನು ತಮ್ಮಾ," ಎಂದರು ಸೋದರಮಾವ, "ಸಾಸಿವೆ ಹಾಕಲಿಲ್ವಾ?"

ಹೆಲ್ಮೆಟ್ ತೆಗೆಯಲು ಕೈ ಎತ್ತಿದವ ಅದನ್ನು ಇನ್ನೂ ಕೆಳಗೆ ಎಳೆದುಕೊಂಡೆ.

ಅಷ್ಟರಲ್ಲಿ ಬಾಡಿಗೆ ಕಾರು ಬಂತು. ಅಮ್ಮ ಇಳಿದವರೇ ಹಪ್ಪಳ ನೋಡಲಿಲ್ಲ, ನನ್ನ ಮುಖ ನೋಡಲಿಲ್ಲ, ನೆಟ್ಟಗೆ ಬೈಕಿನ ಹತ್ತಿರ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಹೇಗೆ ಹೊಳೀತದೆ ನೋಡಿ! ಒಳ್ಳೆ ಕೆಲಸಕ್ಕೆ ಹೋಗುವ ಗಾಡಿ ಅಂತ ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿ ಒರೆಸಿದ್ದು. ಈ ತೂತು ತೂತಿನ ಕಾವಲಿ ಉಂಟಲ್ಲ, ಪಾಪ, ಒಂದು ಚೂರು ಪಸೆ ಇಲ್ಲದೆ ಒಣಗಿ ಹೋಗಿತ್ತು. ಅದಕ್ಕೆ ಎರಡು ಸಲ ಹಚ್ಚಿದೆ."

ದೋಸೆ ಕಾವಲಿ ಒಣಗಬಾರದು ಎಂದು ನಲವತ್ತು ವರ್ಷ ಎಣ್ಣೆ ಹಚ್ಚಿದ ಕೈ ಅದು. ನನ್ನ ಡಿಸ್ಕನ್ನು ಬಿಡುತ್ತದೆಯೇ?

ನಾನು ನೆಲ ಬಾಯಿ ಬಿಡುತ್ತದೋ ಎಂದು ಕಾಯುತ್ತಿದ್ದೆ. ಆದರೆ ಸೋದರಮಾವನ ಮುಖ ಅರಳಿತು. "ಅಲ್ವಾ ಅಕ್ಕ? ನಾನೂ ಹಾಗೆಯೇ ಎಣಿಸಿದ್ದು! ಕಬ್ಬಿಣ ಅಲ್ವಾ, ಒಣಗಬಾರದು ಅಲ್ವಾ? ನಾನು ಹೇಳಿದ್ರೆ ಎಲ್ಲರೂ ನಗ್ತಾರೆ!"

"ಯಾರು ನಗುದು? ಬುದ್ಧಿ ಇಲ್ಲದವರು," ಎಂದರು ಅಮ್ಮ. ಇಬ್ಬರೂ ಎಣ್ಣೆಯ ವಿಷಯ ಮಾತಾಡುತ್ತಾ ಜಗಲಿ ಹತ್ತಿದರು. ಯಾವ ಗಾಣ, ಯಾವ ಕೊಬ್ಬರಿ, ಎಷ್ಟು ದಿನ ಬಿಸಿಲು. ನಾನು ಹಪ್ಪಳದ ನಡುವೆ ನಿಂತೇ ಇದ್ದೆ.

ಬಾಗಿಲ ಬಳಿ ಸೋದರಮಾವ ತಿರುಗಿ ಎಲ್ಲರಿಗೂ ಹೇಳಿದರು: "ಎರಡು ಗ್ಯಾರೇಜಿನಲ್ಲಿ ಇಡೀ ಕ್ಯಾಲಿಪರ್ ಹೋಯ್ತು ಅಂದ್ರು. ಇವ ಪ್ಯಾಡ್ ಮಾತ್ರ ಹಾಕಿದ, ಹಳತನ್ನು ಕೈಗೆ ಕೊಟ್ಟ. ಬೈದದ್ದು ಬೈದ, ಮೋಸ ಮಾಡ್ಲಿಲ್ಲ. ನಾನು ಎಣ್ಣೆ ಹಚ್ಚಿದ್ದೇ ಅವನನ್ನು ಪರೀಕ್ಷೆ ಮಾಡ್ಲಿಕ್ಕೆ."

"ಸುಳ್ಳು," ಎಂದು ಒಳಗಿನಿಂದ ಒಂದು ಸ್ವರ ಬಂತು. "ಮಾವ ಪ್ರತಿ ಭಾನುವಾರ ಹಚ್ತಾರೆ."

ಹುಡುಗಿ ಹೊರಗೆ ಬಂದಳು. ಕೈಯಲ್ಲಿ ಕಾಫಿಯ ತಟ್ಟೆ ಇರಲಿಲ್ಲ. ಒಂದು ಬಾಲ್ದಿ ಸೋಪು ನೀರು, ಒಂದು ಹಿಡಿ ತೆಂಗಿನ ನಾರು. ನನ್ನೆದುರು ಇಟ್ಟಳು. ಫೋಟೊಗಿಂತ ಚೆಂದ ಇದ್ದಳು, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

"ಡಿಸ್ಕನ್ನು ಇದರಲ್ಲಿ ಉಜ್ಜಬೇಕಂತಲ್ಲ. ಪ್ಯಾಡ್ ಎಣ್ಣೆ ಕುಡಿದರೆ ಎಂತ ಮಾಡ್ಬೇಕು?"

"ಎಸೆಯಬೇಕು," ಎಂದೆ.

"ಹಾಗಾದ್ರೆ ನೀವು ಇವತ್ತು ಕಾರಿನಲ್ಲಿ ಹೋಗಿ. ಗಾಡಿ ಇಲ್ಲಿರಲಿ. ನಾಳೆ ಪ್ಯಾಡ್ ತೆಗೊಂಡು ಬನ್ನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಅಗ್ಗದ್ದು ತರ್ಬೇಡಿ."

ಮರುದಿನ ಪ್ಯಾಡ್ ಹಾಕಲು ಹೋದೆ. ಒಂದು ಪ್ಯಾಡ್ ಹಾಕಲು ನನಗೆ ಇಪ್ಪತ್ತು ನಿಮಿಷ ಸಾಕು. ಆ ದಿನ ಸಂಜೆಯಾಯಿತು. ಒಡೆದ ಹಪ್ಪಳವನ್ನು ಅವರು ಕರಿದು ಕೊಟ್ಟರು, ಟಯರಿನ ಗೆರೆ ಇದ್ದದ್ದನ್ನು ಆರಿಸಿ ನನಗೆ ಬಡಿಸಿದರು.

ಮೇ ತಿಂಗಳಲ್ಲಿ ನಿಶ್ಚಯ. ಹೆಣ್ಣಿನ ಕಡೆಯಿಂದ ಹರಿವಾಣಗಳು ಬಂದವು. ಒಂದರಲ್ಲಿ ವೀಳ್ಯದೆಲೆ, ಒಂದರಲ್ಲಿ ಹಣ್ಣು, ಒಂದರಲ್ಲಿ ಹಪ್ಪಳ. ಕೊನೆಯ ಹರಿವಾಣವನ್ನು ಸೋದರಮಾವ ತಾವೇ ಹೊತ್ತು ತಂದು ನನ್ನೆದುರು ಇಟ್ಟು ಮೇಲಿನ ಬಟ್ಟೆ ಸರಿಸಿದರು. ಎರಡು ಲೀಟರಿನ ಬಾಟಲಿ, ಒಳಗೆ ಗಾಣದ ತೆಂಗಿನೆಣ್ಣೆ. ಬಾಟಲಿಯ ಕುತ್ತಿಗೆಗೆ ಕೆಂಪು ನೂಲಿನಲ್ಲಿ, ಡಬ್ಬಿಯಿಂದ ಕತ್ತರಿಸಿದ ಒಂದು ರಟ್ಟಿನ ತುಂಡು ಕಟ್ಟಿದ್ದರು. ಊರಿನವರೆಲ್ಲ ಬಗ್ಗಿ ಓದಿದರು: "ತೆಂಗಿನೆಣ್ಣೆ ತಲೆಗೆ ಮಾತ್ರ."

ಅಕ್ಷರ ನನ್ನದೇ. ಚೆನ್ನಾಗಿಯೂ ಇತ್ತು.